ಜೈ ಕಿಸಾನ್ ಅಂದಮೇಲೆ

ಸಿಂಧನೂರಿನ ಓದುಗರಿಗೆ ನಮಸ್ಕಾರ.

ಲಾಲ್ ಬಹದ್ದೂರ್ ಶಾಸ್ತ್ರಿಯವರ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಸಿಟ್ಟಾಗಿ ಪತ್ರ ಬರೆದಿದ್ದೀರಿ. 1965ರಲ್ಲಿ ಪಾಕಿಸ್ತಾನದ ಮೇಲೆ ಗೆದ್ದ ಯುದ್ಧವನ್ನು ತಾಷ್ಕೆಂಟ್ ಒಪ್ಪಂದದಲ್ಲಿ ಸೋತುಕೊಟ್ಟವರನ್ನು ಯಾಕಿಷ್ಟು ಹೊಗಳುತ್ತೀರಿ, 19 ತಿಂಗಳ ಅಧಿಕಾರದಲ್ಲಿ ‘ಜೈ ಜವಾನ್, ಜೈ ಕಿಸಾನ್’ ಎಂಬ ಒಂದು ಘೋಷಣೆ ಬಿಟ್ಟರೆ ಏನು ಉಳಿಸಿಹೋದರು ಎಂದು ಕೇಳಿದ್ದೀರಿ. ಅವರು ಮೆತ್ತಗಿನವರು ಎಂದಿದ್ದೀರಿ. ನೀವು ಭತ್ತ ಬೆಳೆಯುವವರು ಎಂದೂ ತಿಳಿಸಿದ್ದೀರಿ.

ಯುದ್ಧದಲ್ಲಿ ಗೆದ್ದ ಕಾಶ್ಮೀರದ ಹಾಜಿ ಪೀರ್ ಕಣಿವೆಯನ್ನು ವಾಪಸ್ ಕೊಟ್ಟಿದ್ದು ಅಲ್ಲಿ ಹೋರಾಡಿದ ಸೈನಿಕರಿಗೆ ನೋವಿನ ವಿಷಯವೇ. ಆದರೆ ಆಗ ಜಮ್ಮು ಭಾಗದ ನಮ್ಮ ಛಂಬ್ ಪಾಕಿಸ್ತಾನದ ಕೈಯಲ್ಲಿತ್ತು, ಅಲ್ವಾ? ಎರಡೂ ಸೇನೆಗಳು 1965ರ ಆಗಸ್ಟ್ 5ರಂದು ಇದ್ದ ಜಾಗಕ್ಕೆ ಮರಳಬೇಕು ಎಂಬುದು ಒಪ್ಪಂದ. ಕೊಟ್ಟಿದ್ದರ ಜೊತೆ ಪಡೆದಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಅವರು ಮೆತ್ತಗಿನವರು ಎಂಬ ಮಾತು. ಜಮ್ಮುವಿನ ಅಖ್ನೂರ್ ಕೈತಪ್ಪುವ ಅಪಾಯ ಬಂದಾಗ, ಗಡಿ ದಾಟಿ ಲಾಹೋರ್ ಕಡೆ ನುಗ್ಗಲು ಸೇನೆಗೆ ಒಪ್ಪಿಗೆ ಕೊಟ್ಟವರು ಅವರೇ. ಸೆಪ್ಟೆಂಬರ್ 6ರಂದು ಸೇನೆ ನುಗ್ಗಿತು.

ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿಯೇ ಅವರು ತೀರಿಕೊಂಡರು. ಶವಪರೀಕ್ಷೆ ಆಗಲಿಲ್ಲ. ಸಾವು ಹೇಗಾಯಿತು ಎಂದು ಕುಟುಂಬದವರು ಉತ್ತರ ಕೇಳುತ್ತಿರುವುದು ನ್ಯಾಯವಾಗಿಯೇ ಇದೆ.

ಇನ್ನು ಏನು ಉಳಿಸಿಹೋದರು ಎಂಬ ಪ್ರಶ್ನೆ. ಶಾಸ್ತ್ರಿಯವರು 1964ರ ಜೂನ್‌ನಲ್ಲಿ ಪ್ರಧಾನಿಯಾದಾಗ ದೇಶದಲ್ಲಿ ಕಾಳಿಗೆ ಬರ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರಬೇಕಿತ್ತು. ಅಲ್ಲಿನ ಅಧ್ಯಕ್ಷ ಜಾನ್ಸನ್ ಅದನ್ನೂ ಸ್ವಲ್ಪ ಸ್ವಲ್ಪವೇ ಬಿಡತೊಡಗಿದರು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಶಾಸ್ತ್ರಿ ಕೇಳಿಕೊಂಡರು. ಜನ ಬಿಟ್ಟರು. ಸೋಮವಾರ ಸಂಜೆ ಹೋಟೆಲ್‌ಗಳೂ ಬಾಗಿಲು ಹಾಕಿದವು.

ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಯುದ್ಧಕ್ಕೂ ಮೊದಲೇ ಆದ ಕೆಲಸ. ಉಕ್ಕಿನ ಖಾತೆಯಲ್ಲಿದ್ದ ಸಿ. ಸುಬ್ರಮಣ್ಯಂ ಅವರನ್ನು ಶಾಸ್ತ್ರಿ ಕೃಷಿಗೆ ತಂದರು. ಬೆಲೆ ಸಿಗುವ ಭರವಸೆ ಇಲ್ಲದಿದ್ದರೆ ರೈತ ಸಾಲ ಮಾಡಿ ಗೊಬ್ಬರ ಯಾಕೆ ಹಾಕುತ್ತಾನೆ ಎಂಬುದು ಸುಬ್ರಮಣ್ಯಂ ವಾದ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಒಪ್ಪಲಿಲ್ಲ. ಶಾಸ್ತ್ರಿ ಕೃಷಿ ಸಚಿವರ ಬೆನ್ನಿಗೆ ನಿಂತರು. 1965ರ ಜನವರಿಯಲ್ಲಿ ಕಾಳು ಖರೀದಿಸುವ ಭಾರತೀಯ ಆಹಾರ ನಿಗಮವೂ ಬೆಳೆಗೆ ದರ ಸೂಚಿಸುವ ಕೃಷಿ ಬೆಲೆ ಆಯೋಗವೂ ಶುರುವಾದವು. ‘ಜೈ ಜವಾನ್, ಜೈ ಕಿಸಾನ್’ ಎಂದು ಅವರು ಕೂಗಿದ್ದು ಆಮೇಲೆ, ಅದೇ ವರ್ಷ ಅಕ್ಟೋಬರ್‌ನಲ್ಲಿ. ನೀವು ಇವತ್ತು ಬೆಂಬಲ ಬೆಲೆ ಎಂದು ಕೇಳುವುದರ ಬೇರು ಇಲ್ಲಿದೆ. ಹೊಲಕ್ಕೆ ತುಂಗಭದ್ರೆ ನೀರು ಬಂದರೆ ಸಾಲದು, ಬೆಳೆದಿದ್ದಕ್ಕೆ ದರವೂ ಬೇಕು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಆ ವ್ಯವಸ್ಥೆ ಭತ್ತ, ಗೋಧಿಯ ಕಡೆ ಜಾಸ್ತಿ ವಾಲಿತು, ನಿಜ. ಜೋಳ, ಹತ್ತಿಯಂಥ ಬೆಳೆಗೆಂದು ಯೋಜಿಸಿದ ತುಂಗಭದ್ರಾ ಕಾಲುವೆ ನೀರು ಭತ್ತಕ್ಕೇ ಹೋಗಿ, ಕೊನೇ ಭಾಗದ ರೈತರು ಒಣಗುತ್ತಿದ್ದಾರೆ. ಅದನ್ನು ಸರಿಮಾಡದ ಹೊಣೆ ಆಮೇಲೆ ಬಂದ ಸರ್ಕಾರಗಳದು. ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಸಾಲದಲ್ಲಿರುವ ರೈತ ಸಿಕ್ಕ ದರಕ್ಕೆ ಮಾರಿಬಿಟ್ಟಿರುತ್ತಾನೆ. ಆ ಹೊಣೆಯೂ ಅವರದೇ.

ನಿಮ್ಮ ಭಾಗದಲ್ಲಿ ಈ ಸಲ ಖರೀದಿ ಹೇಗಾಯಿತು ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇವೆ.

– ಸಂಪಾದಕ, ರಾಯಚೂರು