ಕೆಳಗೆ ಬಿದ್ದಾಗ ಮೊದಲು ಸೊಂಟ ಆಡಿಸಿ

ಗದಗಿನ ಗರಡಿ ಮನೆಯ ಗೆಳೆಯ ಕಾಲು ಹಿಡಿದು ಕೆಡವಿ ಎದೆ ಮೇಲೆ ಕೂತ, ಆರು ವರ್ಷದ ಟೇಕ್ವಾಂಡೋ ಕೆಲಸಕ್ಕೆ ಬರಲಿಲ್ಲ ಎಂದು ಬರೆದಿದ್ದೀರಿ. ಬೇಜಾರಾಗಬೇಡಿ. ಒದೆತವೇ ಮುಖ್ಯವಾದ ನಮ್ಮ ಟೇಕ್ವಾಂಡೋ ಪಂದ್ಯದಲ್ಲಿ ಎದುರಾಳಿಯನ್ನು ಹಿಡಿದರೂ ದಂಡ, ನಾವು ಬಿದ್ದರೂ ದಂಡ. ನೆಲದ ಅಭ್ಯಾಸ ಆಗುವುದಾದರೂ ಎಲ್ಲಿಂದ, ಅಲ್ವಾ?

ಅವನು ಎದೆ ಮೇಲಿದ್ದಾಗ ಕೈ ಚಾಚಿ ದಬ್ಬಬೇಡಿ, ತೋಳು ಸಿಕ್ಕಿಬೀಳುತ್ತದೆ. ಮೊಣಕೈ ಪಕ್ಕೆಗೆ ಒತ್ತಿಡಿ. ಅವನ ಒಂದು ಕೈಯನ್ನು ಗಟ್ಟಿಯಾಗಿ ಹಿಡಿಯಿರಿ. ಅದೇ ಕಡೆಯ ಅವನ ಪಾದಕ್ಕೆ ನಿಮ್ಮ ಪಾದ ಅಡ್ಡಹಾಕಿ. ಈಗ ಸೊಂಟ ಜೋರಾಗಿ ಮೇಲೆತ್ತಿ ಆ ಕಡೆಗೇ ಹೊರಳಿ. ಕೈಯೂರಲು, ಕಾಲೂರಲು ಜಾಗವಿಲ್ಲದೆ ಅವನು ಉರುಳುತ್ತಾನೆ. ಆಗದಿದ್ದರೆ ಪಕ್ಕಕ್ಕೆ ತಿರುಗಿ ಸೊಂಟ ಹಿಂದೆ ಸರಿಸಿ, ಮೊಣಕಾಲು ತೂರಿಸಿ, ಅವನನ್ನು ನಿಮ್ಮ ಎರಡು ಕಾಲುಗಳ ನಡುವೆ ತನ್ನಿ. ಇದೇ ಗಾರ್ಡ್, ಅಂದರೆ ಕೆಳಗಿದ್ದೂ ಕಾಲುಗಳಿಂದ ಅವನನ್ನು ತಡೆಯುವ ಭಂಗಿ. ನನಗೆ ಅತಿ ಮುಖ್ಯ ಅನಿಸುವುದು ಇದೇ.

ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಂದರೆ ಸೋಲು. ಅದಕ್ಕೇ ಪೈಲ್ವಾನರು ಬೋರಲಾಗುತ್ತಾರೆ. ಅದನ್ನು ನೋಡಿ ನೀವೂ ಬೋರಲಾಗಬೇಡಿ. ನೆಲದ ಮೇಲಿನ ಹಿಡಿತದ ಕಲೆಯಾದ ಜಿಯು-ಜಿಟ್ಸು ಬಲ್ಲವರು ಬೆನ್ನೇರಿ ಕುತ್ತಿಗೆ ಅಮುಕುತ್ತಾರೆ.

ಸ್ವಲ್ಪ ಅಂತರ ಸಿಕ್ಕರೆ ಮಲಗಿದಲ್ಲೇ ಅವನ ಸೊಂಟಕ್ಕೆ ಪಾದವಿಟ್ಟು ತಳ್ಳಿ. ನಿಮ್ಮ ಕಾಲಿನ ಬಲ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆಮೇಲೆ ಒಂದು ಕೈ ಹಿಂದೆ ಊರಿ, ಅವನ ಮೇಲೆ ಕಣ್ಣಿಟ್ಟೇ ಏಳಿ.

ಆ ಗೆಳೆಯನನ್ನೇ ಕೇಳಿಕೊಳ್ಳಿ. ವಾರಕ್ಕೆ ಎರಡು ದಿನ ಗರಡಿಯ ಮಣ್ಣಿನಲ್ಲಿ, ನೀವು ಕೆಳಗಿರುವಂತೆಯೇ ಶುರು ಮಾಡಿ, ಮೆಲ್ಲಗೆ ಆಡಿ. ನೋವಾದರೆ ಕೈ ತಟ್ಟಿ, ತಕ್ಷಣ ಬಿಡುವುದು ಎಂದು ಮೊದಲೇ ಮಾತಾಡಿಕೊಳ್ಳಿ.