ಮುಂಬಯಿಯಿಂದ ಬಂದದ್ದು ಮನಿಯಾರ್ಡರ್ ಒಂದೇ ಅಲ್ಲ

ದುಡಿಯಲು ಊರು ಬಿಟ್ಟವರು ಹಣ ಬಿಟ್ಟು ಬೇರೇನು ಕಳಿಸುತ್ತಾರೆ, ಅಲ್ಲಿ ಕಲಿತದ್ದು ಊರವರಿಗೆ ದಾಟುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮದು ಕುಂದಾಪುರದ ಕಡೆ. ಮುಂಬಯಿ ಹೋಟೆಲಿನಲ್ಲಿ ದುಡಿದವರಿಲ್ಲದ ಮನೆ ನಮ್ಮ ಕೇರಿಯಲ್ಲಿ ಇಲ್ಲ. ಹಾಗಾಗಿ ಕಣ್ಣಾರೆ ಕಂಡದ್ದನ್ನು, ಮನೆಯಲ್ಲಿ ಕೇಳಿದ್ದನ್ನು ಹೇಳುತ್ತೇನೆ.

ನನ್ನ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಹೋದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ. ಇಂಥ ಶಾಲೆಗಳನ್ನು ಕಟ್ಟಿ ನಡೆಸಿದವರು ಅಲ್ಲಿನ ಕನ್ನಡಿಗರೇ; ಕರಾವಳಿಯವರ ಸಂಘಗಳು ಮುಂಬಯಿಯಲ್ಲಿ ಅಷ್ಟು ಹಳೆಯವು, ಕರಾವಳಿಯ ಮೀನುಗಾರ ಸಮುದಾಯದವರ ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ.

ದೊಡ್ಡಪ್ಪ ಅಲ್ಲೇ ಮೆಟ್ರಿಕ್ ಮುಗಿಸಿದರು. ಅಲ್ಲಿಯವರೆಗೆ ಅವರ ಪತ್ರ ಗದ್ದೆ, ಗಂಟಿ (ದನಕರು) ವಿಚಾರಿಸಿ ಮುಗಿಯುತ್ತಿತ್ತಂತೆ. ಏಳನೇ ಕ್ಲಾಸಾದ ಮೇಲೆ ನನ್ನ ಅತ್ತೆಯನ್ನು ಶಾಲೆ ಬಿಡಿಸಿದ ಸುದ್ದಿ ತಿಳಿದದ್ದೇ, ಅಂಟು ಹಚ್ಚುವ ಅಂಚಿನವರೆಗೂ ಒತ್ತೊತ್ತಾಗಿ ಬರೆದ ಇನ್‌ಲ್ಯಾಂಡ್ ಲೆಟರ್ ಬಂತು: ಹೈಸ್ಕೂಲಿಗೆ ಸೇರಿಸಿ, ಫೀಸು ನಾನು ಕಳಿಸುತ್ತೇನೆ. ಅಜ್ಜ ಜಪ್ಪಯ್ಯ ಎನ್ನಲಿಲ್ಲ. ಮೇ ತಿಂಗಳಲ್ಲಿ ಊರಿಗೆ ಬಂದ ದೊಡ್ಡಪ್ಪ ಶಾಲೆ ತೆರೆಯುವ ತನಕ ನಿಂತು, ತಾವೇ ತಂಗಿಯನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿದರು. ಮರುವರ್ಷ ಪಕ್ಕದ ಮನೆಯ ಇಬ್ಬರು ಹುಡುಗಿಯರು ಅತ್ತೆಯ ಜೊತೆ ನಡೆದರು. ಪತ್ರದ ಬುದ್ಧಿಮಾತಿಗೆ ಯಾರೂ ಜಗ್ಗಿರಲಿಲ್ಲ, ಎದುರಿಗೆ ಒಬ್ಬಳು ಶಾಲೆಗೆ ಹೋದದ್ದು ನೋಡಿ ಧೈರ್ಯ ಬಂತು. ಬಾಸ್ಟನ್ನಿಗೆ ವಲಸೆ ಹೋದ ಡೊಮಿನಿಕನ್ ರಿಪಬ್ಲಿಕ್ ದೇಶದವರನ್ನೂ ಅವರ ಹಳ್ಳಿಯನ್ನೂ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಪೆಗ್ಗಿ ಲೆವಿಟ್ 1998ರಲ್ಲಿ ಇಂಥದ್ದಕ್ಕೆ, ಎಂದರೆ ವಲಸೆ ಹೋದವರಿಂದ ಊರಿಗೆ ದಾಟುವ ವಿಚಾರ, ರೂಢಿಗಳಿಗೆ, ‘ಸೋಷಿಯಲ್ ರೆಮಿಟೆನ್ಸ್’ ಎಂದು ಹೆಸರಿಟ್ಟರು. ನಮ್ಮ ಅಜ್ಜಿ ‘ಮುಂಬಯಿ ಬುದ್ಧಿ’ ಎನ್ನುತ್ತಿದ್ದರು.

ಇನ್ನೊಂದು ದಾರಿ ದೇವಸ್ಥಾನದ್ದು. ನಮ್ಮ ಕಡೆ ಜೀರ್ಣೋದ್ಧಾರ ಎಂದರೆ ಊರ ಸಮಿತಿಯ ಜೊತೆಗೊಂದು ಮುಂಬಯಿ ಸಮಿತಿಯೂ ಇರುವುದು ವಾಡಿಕೆ. ಅವರು ದೇಣಿಗೆಯ ಜೊತೆ ತಮ್ಮ ಸಂಘದ ಕ್ರಮವನ್ನೂ ತಂದರು: ನಂಬರ್ ಹಾಕಿದ ರಸೀದಿ ಪುಸ್ತಕ, ಎಲ್ಲರೆದುರು ಲೆಕ್ಕ ಓದುವುದು. ಮೊದಲ ಸಲ ಓದಿದಾಗ ಹಿರಿಯರು ಮುನಿಸಿಕೊಂಡರು, ನಮ್ಮ ಮೇಲೆ ಸಂಶಯವಾ ಎಂದು. ಮುಂಬಯಿಯವರು ವಾದಕ್ಕಿಳಿಯದೆ ತಮ್ಮ ಖರ್ಚನ್ನೇ ಮೊದಲು ಓದಿದರು, ಬಸ್ ಚಾರ್ಜಿನ ಸಮೇತ.

ಮುಂಬಯಿಯವರು ಹೇಳಿದ್ದೆಲ್ಲವನ್ನೂ ಊರು ಒಪ್ಪಿತು ಎಂದಲ್ಲ. ಹರಕೆ ಆಟವನ್ನು (ಹರಕೆಗೆ ಆಡಿಸುವ ಯಕ್ಷಗಾನ) ನಡುರಾತ್ರಿಗೇ ಮುಗಿಸೋಣ ಎಂದಾಗ ಒಬ್ಬರೂ ತಲೆಯಾಡಿಸಲಿಲ್ಲ. ಇವತ್ತಿಗೂ ನಮ್ಮೂರಲ್ಲಿ ಆಟ ಬೆಳಗಾಗುವ ತನಕ ನಡೆಯುತ್ತದೆ, ಅದರ ಲೆಕ್ಕವನ್ನು ಮರುವಾರವೇ ದೇವಸ್ಥಾನದ ಜಗಲಿಯಲ್ಲಿ ಓದುತ್ತಾರೆ.