ನೀಲಿ ಹೂವಿನ ಬೆನ್ನನ್ನೂ ನೋಡಿ

ಪ್ರಶ್ನೆ: ನಮ್ಮ ಮನೆ ಶಿರೂರಿನ ಹತ್ತಿರ. ಮಳೆಗಾಲದಲ್ಲಿ ಹಿಂದಿನ ಮುರಕಲ್ಲಿನ ಹಕ್ಕಲಿನ ತುಂಬ, ಹುಲ್ಲಿನ ಸಂದಿಯಲ್ಲಿ ಸಣ್ಣ ನೀಲಿ ಹೂ. ಆ್ಯಪ್‌ಗೆ ತೋರಿಸಿದರೆ ದಿನಕ್ಕೊಂದು ಹೆಸರು ಹೇಳುತ್ತದೆ. ಯಾವುದನ್ನು ನಂಬಲಿ, ಹೇಗೆ ದಾಖಲಿಸಲಿ?

ಉತ್ತರ: ಫೋಟೊ ನೋಡಿದೆ ಮಾರಾಯ್ರೆ, ಚಂದ ಇವೆ. ಅದು ಯುಟ್ರಿಕ್ಯುಲೇರಿಯಾ ಎಂಬ ಬೇಟೆಗಾರ ಗಿಡಗಳ ಕುಲದ್ದು, ಅಷ್ಟು ಗಟ್ಟಿ. ಮಣ್ಣಿನಡಿ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ, ಹತ್ತಿರ ಸುಳಿದ ಸೂಕ್ಷ್ಮ ಜೀವಿಗಳನ್ನು ನೀರಿನ ಜೊತೆಗೇ ಒಳಗೆ ಎಳೆದುಕೊಳ್ಳುತ್ತವೆ. ಕಲ್ಲಿನ ಮೇಲಿನ ತೆಳು ಮಣ್ಣಲ್ಲಿ ಸಾರ ಕಮ್ಮಿ, ಹೊಟ್ಟೆಪಾಡಿಗೆ ಬೇಟೆ!

ಆದರೆ ಯಾವ ಪ್ರಭೇದ ಅಂತ ನಾನೂ ಹೇಳಲಾರೆ. ನೀವು ಕಳಿಸಿದ ಏಳೂ ಫೋಟೊ ಹೂವಿನ ಮುಖದ್ದೇ. ಆ್ಯಪ್ ತಡವರಿಸುವುದೂ ಅದಕ್ಕೇ ಇರಬೇಕು. ಈ ಗುಂಪಿನಲ್ಲಿ ಗುಟ್ಟೆಲ್ಲ ಇರುವುದು ಪಕ್ಕದಲ್ಲಿ ಮತ್ತು ಹಿಂದೆ: ಹೂವಿನ ಕೆಳಗೆ ಕೊಂಬಿನ ಹಾಗೆ ಇಳಿಯುವ ಭಾಗ ಎಷ್ಟುದ್ದ, ಎತ್ತ ಬಾಗಿದೆ, ಹೂ ಉದುರಿದ ಮೇಲೆ ಕಾಯಿಯನ್ನು ಮುಚ್ಚುವ ಪುಷ್ಪಪತ್ರ ಹೇಗಿದೆ, ದಂಟು ನೆಟ್ಟಗಿದೆಯೋ ಪಕ್ಕದ ಹುಲ್ಲಿಗೆ ಸುತ್ತಿಕೊಂಡಿದೆಯೋ. ಕೆಳತುಟಿಯ ಮೇಲೆ ಬಲೆಯಂಥ ಗೆರೆಯಿದ್ದು ದಂಟೂ ಸುತ್ತಿಕೊಂಡಿದ್ದರೆ ಈ ಕುಲದ ರೆಟಿಕ್ಯುಲೇಟಾ ಪ್ರಭೇದ ಇರಬಹುದು ಅಂತ ಊಹಿಸಿ, ಆದರೆ ಕಾಯಿ ನೋಡದೆ ಹಾಗಂತ ಬರೆದುಬಿಡಬೇಡಿ.

ಕೀಳಬೇಡಿ. ಮಂಡಿಯೂರಿ ಪಕ್ಕದಿಂದ, ಹಿಂದಿನಿಂದ ತೆಗೆಯಿರಿ, ಒಂದರಲ್ಲಿ ಅಳತೆಗೆ ನಾಣ್ಯ ಇಡಿ. ತಾರೀಖಿನ ಜೊತೆ ನೆಲ ಹೇಗಿತ್ತು ಅಂತಲೂ ಬರೆಯಿರಿ: ನೀರು ನಿಂತಿತ್ತಾ, ಹರಿಯುತ್ತಿತ್ತಾ, ಅಂಗಿಯ ಬಿಳಿ ಗುಂಡಿಯಂಥ ಹೂ ಬಿಡುವ ಎರಿಯೊಕಾಲನ್ ಗಿಡ ಪಕ್ಕದಲ್ಲಿತ್ತಾ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಗಿಡ, ಪ್ರಾಣಿಗಳನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕುವಾಗ ಖಾತ್ರಿ ಇಲ್ಲದಿದ್ದರೆ ಯುಟ್ರಿಕ್ಯುಲೇರಿಯಾಕ್ಕೇ ನಿಲ್ಲಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಆರ್ಕಿಡ್ ಸಿಕ್ಕಿದರೆ ಮಾತ್ರ ಜಾಗ ಮರೆಮಾಡಿ, ಗೆಡ್ಡೆ ಸಮೇತ ಕಿತ್ತು ಒಯ್ಯುವವರಿದ್ದಾರೆ.

ನಿಮ್ಮೂರಿಗೊಂದು ತಮಾಷೆಯ ತೊಡಕೂ ಇದೆ. ಶಿರೂರು ಹಳೆಯ ಮದರಾಸು ಪ್ರಾಂತ್ಯದ ಕೊನೆ, ಆಚೆಯ ಭಟ್ಕಳ ಮುಂಬಯಿಯದು. ಹಾಗಾಗಿ ಹಳೆಯ ಸಸ್ಯಗ್ರಂಥಗಳೂ ಎರಡು. ನಿಮಗೆ ಮದರಾಸು ಪ್ರಾಂತ್ಯದ ಗಿಡಗಳ ಬಗ್ಗೆ ಗ್ಯಾಂಬಲ್ ಬರೆದದ್ದು (1915ರಿಂದ 1936), ಭಟ್ಕಳದವರಿಗೆ ಮುಂಬಯಿ ಪ್ರಾಂತ್ಯದ ಗಿಡಗಳ ಬಗ್ಗೆ ಕುಕ್ ಬರೆದದ್ದು (1901ರಿಂದ 1908). ಗಿಡಕ್ಕೆ ಗಡಿ ಗೊತ್ತಿಲ್ಲ ನೋಡಿ, ಎರಡನ್ನೂ ತಿರುವಿಹಾಕಿ.

ಚೌತಿ ಹೊತ್ತಿಗೆ ಕಾಯಿ ಕಟ್ಟಿರುತ್ತದೆ. ರಜೆ ಹೇಗೂ ಇರುತ್ತಲ್ವಾ, ಆಗ ಪಕ್ಕದಿಂದ ನಾಲ್ಕು ಫೋಟೊ ತೆಗೆದು ಕಳಿಸಿ.